ಮೆಟ್ಟಿಲಿನ ಕಲ್ಲಿಗೆ ಹಾಲೆರೆದವರು

ಹುಡುಗಿ ನೋಡಲಿಕ್ಕೆ ಮನೆಗೆ ಬರುವುದು ಹಳೆಯ ಕ್ರಮವಂತೆ. ಘೋಡಬಂದರ್ ರಸ್ತೆಯಲ್ಲಿ ದೊಡ್ಡ ಫ್ಲ್ಯಾಟ್ ಇರುವವರು ಡೊಂಬಿವಲಿಯಲ್ಲಿ ಲಿಫ್ಟಿಲ್ಲದ ನಮ್ಮ ಮೂರನೇ ಮಾಳಿಗೆ ಹತ್ತುತ್ತಾರೆಯೇ! ಗುಡ್ಡದ ಮೇಲಿನ ಇಗರ್ಜಿ, ಅದರ ಹಿಂದಿನ ಪಾಳುಕೋಟೆ ನೋಡುವ ನೆಪದಲ್ಲಿ ಸೇರೋಣವೆಂದು ಹುಡುಗನ ತಂದೆ ಧರ್ಮಪಾಲರು ಅಪ್ಪಣೆ ಕೊಡಿಸಿದರು. ನನ್ನ ಗಂಡ ಪ್ರೇಮನಾಥ ಹೂಂಗುಟ್ಟಿದರು. ಮಗಳು ಪ್ರೇಕ್ಷಾಳಿಗೆ ಇಪ್ಪತ್ತೆಂಟು. ಈ ಸಂಬಂಧ ತಪ್ಪಿಹೋದರೆ ಎಂದು ಅವರಿಗೆ ನಿದ್ದೆಯಿರಲಿಲ್ಲ. ನನಗೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಧರ್ಮಪಾಲರ ಬಾಯಿಗೆ ಬೀಗವಿಲ್ಲ. ಇಗರ್ಜಿಯ ವಯಸ್ಸು ಗೊತ್ತು, ಕೋಟೆ ಕಟ್ಟಿದವನ ಮನಸ್ಸಿನಲ್ಲಿದ್ದದ್ದೂ ಗೊತ್ತು. ಎದುರಿಗಿದ್ದ ಫಲಕ ಓದಲಿಕ್ಕೆ ಮಾತ್ರ ಪುರುಸೊತ್ತಿಲ್ಲ. ಹುಡುಗ ಶೈಲೇಶ್ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದ.

ಪಾಳುಗೋಡೆಯ ಬುಡದಲ್ಲೊಂದು ಕಲ್ಲು, ಮೇಲೆ ಡೊಂಕುಡೊಂಕು ಗೀರುಗಳು. ಧರ್ಮಪಾಲರು ಚಪ್ಪಲಿ ಕಳಚಿದರು.

“ನಾಗನ ಕಲ್ಲು! ಹೆಡೆ ಉಂಟು ನೋಡಿ! ಇಲ್ಲಿಯೇ ಮಾತು ಮುಗಿಸುವ ಮಾರಾಯ್ರೆ.”

ದೇವಸ್ಥಾನಕ್ಕೆಂದು ತಂದಿದ್ದ ಹಾಲು, ಅರಸಿನ ಕಾರಿನಿಂದ ಬಂತು. ಊರಿನ ಕ್ರಮದಂತೆ ಕಲ್ಲಿಗೆ ಅರಸಿನ ಮೆತ್ತಿ, ಹಾಲೆರೆದರು. ನನ್ನವರು ಉದ್ದಕ್ಕೆ ಅಡ್ಡಬಿದ್ದರು. ನಾಗನಿಗೋ, ಬೀಗರಿಗೋ, ಅವರನ್ನೇ ಕೇಳಬೇಕು.

ಅಲ್ಲಿ ಕೆಲಸಕ್ಕಿದ್ದ ರಾಯಚೂರಿನ ಕಲ್ಲುಕುಟಿಗ ಹುಲಗಪ್ಪ ಓಡಿಬಂದ. “ಸಾಹೇಬ್ರ, ಅದು ನಿನ್ನಿ ನಾ ಹೊಡದ ಕಲ್ರೀ, ಚರ್ಚಿನ ಮೆಟ್ಟಿಲಿಗಿ. ಕಾಲು ಜಾರಬಾರ್ದಂತ ಗೀರು ಹಾಕೀನಿ. ಇವತ್ತ ಕೂಡ್ಸಬೇಕ್ರೀ, ಹಿಂಗ ಹಚ್ಚಿದ್ರ ಮುಕಾದಮ ಬೈತಾನ.”

“ನಾಗನನ್ನು ಕಾಲಲ್ಲಿ ಮೆಟ್ಟಿಸ್ತೀಯಾ? ಕಲ್ಲು ಕುಟ್ಟುವವನಿಗೆ ಎಂತ ಗೊತ್ತು!” ಧರ್ಮಪಾಲರು ಅವನನ್ನು ದೂಡಿಯೇಬಿಟ್ಟರು. ಹುಲಗಪ್ಪ ನೆಲಕ್ಕೆ ಬಿದ್ದ.

ಪ್ರೇಕ್ಷಾ ಶೈಲೇಶನ ಕಡೆ ತಿರುಗಿದಳು. “ಪತ್ಥರ್ ಇನ್ಕಾ ಹೈ. ಪಪ್ಪಾ ಕೋ ಬೋಲೋ ನಾ.”

ಕಲ್ಲು ಅವರದ್ದೆಂದು ಹೇಳಬೇಕಾದವನು ಅಪ್ಪನ ಮುಖ ನೋಡಿದ. ನೋಡುತ್ತಲೇ ನಿಂತ. ಥೂ, ಮೂವತ್ತೊಂದು ವರ್ಷದ ಗಂಡಸು!

ಪ್ರೇಕ್ಷಾ ಕುಕ್ಕರಗಾಲಲ್ಲಿ ಕೂತು, ನಾನೇ ಉಡಿಸಿದ್ದ ರೇಷ್ಮೆ ಸೀರೆಯ ಸೆರಗಿನಿಂದ ಕಲ್ಲು ಉಜ್ಜತೊಡಗಿದಳು.

“ನಾಗದೋಷ! ಇಂಥವಳು ನಮ್ಮ ಮನೆಗೆ ಬೇಡ!” ಧರ್ಮಪಾಲರು ಚಪ್ಪಲಿ ಮೆಟ್ಟಿಕೊಂಡು ಕಾರಿನ ಕಡೆ ನಡೆದರು. ಹಿಂದೆ ಶೈಲೇಶ್, ಅವನ ಹಿಂದೆ ಕೈಮುಗಿದುಕೊಂಡು ನನ್ನವರು. “ಜಯಾ, ಅವಳನ್ನು ನಿಲ್ಲಿಸು ಮಾರಾಯ್ತಿ!” ಎಂದು ಅಲ್ಲಿಂದಲೇ ಕೂಗಿದರು.

ಇಪ್ಪತ್ತೊಂಬತ್ತು ವರ್ಷ ನಾನೂ ಅವರಿವರ ಮುಖ ನೋಡಿಯೇ ಬದುಕಿದವಳು. ನೀರಿನ ಬಾಟಲಿ ತೆಗೆದು ಮಗಳ ಪಕ್ಕದಲ್ಲಿ ಕೂತೆ.

“ಅರಸಿನ ಬರೀ ಸೆರಗಿಗೆ ಹೋಗುವುದಿಲ್ಲ ಮಗಾ,” ಎಂದೆ. “ಮಣ್ಣು ಹಾಕಿ ತಿಕ್ಕು.”