ಮೇಸ್ತ್ರಿಯ ಗೋಡೆಗೆ ಮೊಳೆ

ಸಾಲುಮನೆಯ ಮೊದಲ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಟೈಲರಮ್ಮನಿಗೆ ಯಾರು ಏನು ತಂದರೂ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ನರ್ಸಮ್ಮ ಮನೆಮನೆಗೂ ಸೊಳ್ಳೆಪರದೆ ಹಂಚಿ ಹೋದದ್ದೇ ತಡ, ಅವು ಒಂದೊಂದಾಗಿ ಇವಳ ಮೇಜಿಗೆ ಬಂದವು. ಒಬ್ಬರಿಗೆ ತರಕಾರಿ ಚೀಲ ಬೇಕು, ಇನ್ನೊಬ್ಬರಿಗೆ ಕೋಳಿಗೂಡಿಗೆ ಹೊದಿಕೆ. ಇವಳೂ ಕತ್ತರಿ ಆಡಿಸಿದ್ದೇ ಆಡಿಸಿದ್ದು. ಕೋಳಿಮರಿಗಳು ಪರದೆಯೊಳಗೆ ಸುಖವಾಗಿ ಮಲಗಿದವು, ಮನುಷ್ಯರ ಮಕ್ಕಳು ಹೊರಗೆ.

ಹೆರಿಗೆಗೆ ತವರಿಗೆ ಬಂದಿದ್ದ ಮಗಳಿಗೇ ಮಲೇರಿಯಾ ಬಂದಾಗ ಟೈಲರಮ್ಮ ಕತ್ತರಿ ಕೆಳಗಿಟ್ಟಳು. ಜ್ವರವೇನೋ ಮಾತ್ರೆಗೆ ಇಳಿಯಿತು.

"ಇನ್ನೊಂದ್ಸಲ ಬಂದ್ರೆ ಮಗು ಉಳಿಯೋದು ಕಷ್ಟ," ಎಂದಳು ನರ್ಸಮ್ಮ. "ನಿಮ್ಮನೇಲಿ ಮಾತ್ರ ಪರದೆ ಕಟ್ಟಿದ್ರೆ ಸಾಲದು. ಪಕ್ಕದ ಮನೆ ಜ್ವರದವರನ್ನ ಕಚ್ಚಿದ ಸೊಳ್ಳೆ ಇವಳನ್ನೂ ಕಚ್ಚುತ್ತೆ. ಎಲ್ರೂ ಕಟ್ಟಬೇಕು."

ಟೈಲರಮ್ಮ ಸೆರಗು ಸಿಕ್ಕಿಸಿ ಬಾಗಿಲು ಬಾಗಿಲು ತಟ್ಟಿದಳು. ಎಲ್ಲರದೂ ಒಂದೇ ರಾಗ: "ಕಟ್ಟೋದೆಲ್ಲಿ? ಮೊಳೆ ಹೊಡೆದ್ರೆ ಮೇಸ್ತ್ರಿ ಬಿಡ್ತಾರಾ?"

ಸಾಲುಮನೆಯ ಯಜಮಾನ ಹಳೇ ಗಾರೆ ಮೇಸ್ತ್ರಿ. ಗೋಡೆಗಳನ್ನೆಲ್ಲ ಸ್ವಂತ ಕೈಯಿಂದ ಸಾರಿಸಿ ನುಣುಪು ಮಾಡಿದವನು. ಮೊಳೆ ಹೊಡೆದವರು ಮನೆ ಖಾಲಿ ಮಾಡಬೇಕು ಎಂಬುದು ಅವನ ಕಾನೂನು. ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ಗೋಡೆಯ ಮೈ ಸವರಿ ನೋಡುತ್ತಿದ್ದ ಪುಣ್ಯಾತ್ಮ, ಒಳಗಿರುವವರ ಮೈ ಸುಡುತ್ತಿದೆಯೇ ಎಂದು ಒಮ್ಮೆಯೂ ಕೇಳಿದವನಲ್ಲ.

ಟೈಲರಮ್ಮ ಅವನನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಸ್ಟೂಲು ಹತ್ತಿ, ಸುತ್ತಿಗೆ ಎತ್ತಿ, ಮಗಳ ಮಂಚದ ಮೇಲಿನ ಗೋಡೆಗೆ ಮೊಳೆ ಬಾರಿಸಿದಳು. ಗಾರೆ ದೊಪ್ಪನೆ ಉದುರಿತು. ಸದ್ದಿಗೆ ಮೇಸ್ತ್ರಿ ಓಡಿಬಂದ, ಅವನ ಹಿಂದೆ ಸಾಲುಮನೆಯೆಲ್ಲ ಬಂತು.

"ಏನಮ್ಮ ಇದು! ಕಾನೂನು ಗೊತ್ತಿಲ್ವಾ?"

"ಗೊತ್ತು. ಮನೆ ಖಾಲಿ ಮಾಡು ಅಂದ್ರೆ ನಾಳೇನೇ ಮಾಡ್ತೀನಿ. ನನ್ನ ಮಗಳ ಮಡಿಲು ಖಾಲಿ ಆಗೋಕೆ ಮಾತ್ರ ಬಿಡಲ್ಲ." ಅವಳು ಎರಡನೇ ಮೊಳೆ ಇಟ್ಟಳು.

ಮೇಸ್ತ್ರಿ ಮಂಚದಲ್ಲಿದ್ದ ಹುಡುಗಿಯನ್ನು ನೋಡಿದ. ಗೋಡೆಯನ್ನು ನೋಡಿದ. ಅವನನ್ನು ಯಾವುದು ಹೆಚ್ಚು ನೋಯಿಸಿತೋ ಹೇಳುವುದು ಕಷ್ಟ.

"ಇಳೀರಿ ಕೆಳಗೆ," ಎಂದ. "ಹೀಗಾ ಮೊಳೆ ಹೊಡೆಯೋದು? ನನ್ನ ಗೋಡೆ ಜೀವ ತೆಗೀತಿದ್ದೀರಲ್ಲ!"

ಸುತ್ತಿಗೆ ಕಸಿದುಕೊಂಡು, ಬೆರಳ ಗೆಣ್ಣಿನಿಂದ ತಟ್ಟಿ ಇಟ್ಟಿಗೆಯ ಸಂದು ಹುಡುಕಿದ. ಎರಡೇ ಏಟು. ಒಂದು ಚೂರು ಗಾರೆಯೂ ಉದುರಲಿಲ್ಲ.

ಬಾಗಿಲಲ್ಲಿ ನಿಂತ ಪಕ್ಕದ ಮನೆಯವನು ಮೆಲ್ಲಗೆ ಹಿಂದೆ ಸರಿಯುತ್ತಿದ್ದ. ಟೈಲರಮ್ಮ ಅವನ ತೋಳು ಹಿಡಿದಳು.

"ಮೇಸ್ತ್ರಿ, ಮುಂದಿನದು ಇವನ ಮನೆ," ಎಂದು ಅವನತ್ತ ತಿರುಗಿದಳು. "ನೀನು ಹೋಗಿ ಕೋಳಿಗೂಡಿನ ಹೊದಿಕೆ ತಗೊಂಡು ಬಾರಪ್ಪ, ಹೊಲಿಗೆ ಬಿಚ್ಚಿ ಮತ್ತೆ ಪರದೆ ಮಾಡ್ಕೊಡ್ತೀನಿ."

"ಮರಿಗಳಿಗೆ?"

"ಅವಕ್ಕೆ ಬುಟ್ಟಿ ಕವುಚು."

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಸುತ್ತಿಗೆಯ ಸದ್ದು ಕೇಳಿಬಂತು. ಮಗಳು ಬೆಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟಳು. "ಅಮ್ಮಾ, ಒದೀತಿದೆ," ಎಂದಳು.

"ಒದೀಲಿ," ಎಂದು ಟೈಲರಮ್ಮ ತಾನೇ ಹಾಕಿದ್ದ ಹೊಲಿಗೆಯನ್ನು ಬಿಚ್ಚಲು ಕುಳಿತಳು.