ತೋಳಿನಷ್ಟು ಕಥೆ

ನನ್ನ ತಂಗಿಗೆ ಐವತ್ತೊಂಬತ್ತು ವರ್ಷ. ಇವತ್ತಿಗೂ ಎಲ್ಲರಿಗೂ ಅವಳು ಪುಟ್ಟಿಯೇ. ನಾವಿಬ್ಬರೂ ಸೇರಿ ನಡೆಸುವ ಹೊಲಿಗೆ ಅಂಗಡಿಯಲ್ಲಿ ಕತ್ತರಿ ನನ್ನದು, ಮೆಷಿನ್ ಅವಳದು. ನಲವತ್ತು ವರ್ಷ ಹೀಗೇ ನಡೆದಿದೆ. ನಾಲ್ಕು ತಿಂಗಳಿಂದೀಚೆಗೆ ಮಾತ್ರ, ಊಟವಾದ ಮೇಲೆ ಪುಟ್ಟಿ ನನಗೆ ಬೆನ್ನು ಹಾಕಿ ಕೂತು ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದಳು.

“ಏನೇ ಅದು?” ಎಂದು ಕೊನೆಗೊಂದು ದಿನ ಕೇಳಿದೆ.

“ಕಥೆ ಕಣಕ್ಕ. ಪತ್ರಿಕೆಯವರು ಸ್ಪರ್ಧೆ ಇಟ್ಟಿದಾರೆ. ಶುಕ್ರವಾರ ಕೊನೇ ದಿನ.”

“ಈ ವಯಸ್ಸಲ್ಲಿ ಕಥೆಗಾರ್ತಿ ಆಗ್ತೀಯಾ? ಮೊದ್ಲು ಆ ಗುಂಡಿ-ಕಾಜಾ ಮುಗಿಸು ತಾಯಿ” ಎಂದು ನಕ್ಕೆ. ಅವಳೂ ನಕ್ಕಳು. ನಕ್ಕಳೆಂದೇ ನಾನು ಅಂದುಕೊಂಡೆ.

ನೋಟ್‌ಬುಕ್ ತೆರೆದರೆ ಅವಳಿಗೆ ಪರೀಕ್ಷೆಗೆ ಕೂತ ಹಾಗಾಗುತ್ತದಂತೆ. ಹಾಗಾಗಿ ಬರೆಯುತ್ತಿದ್ದದ್ದು ಅಂಗಡಿಯ ಖಾಕಿ ಕಾಗದದ ಮೇಲೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆ ಕತ್ತರಿಸಿಕೊಳ್ಳುವ ದೊಡ್ಡ ಹಾಳೆಗಳು ಅವು. ಹಾಳೆಯ ಖಾಲಿ ಮೈ ಕಣ್ಣಿಗೆ ಬಿದ್ದರೆ ಸಾಕು, ಕತ್ತರಿ ಹಾಕುತ್ತೇನೆ; ಹಿಂಬದಿ ತಿರುಗಿಸಿ ನೋಡುವ ಜಾಯಮಾನ ನನ್ನದಲ್ಲ. ಸೋಮವಾರ ಬ್ಯಾಂಡ್ ಮಾಸ್ತರು ತಮ್ಮ ವಾದ್ಯದವರಿಗೆಂದು ಇಪ್ಪತ್ತನಾಲ್ಕು ಕೋಟು ಹೊಲಿಯಲು ಹೇಳಿದರು. ಅರ್ಧ ನಮಗೆ, ಅರ್ಧ ಮೂಲೆ ಅಂಗಡಿಯ ಟೈಲರಿಗೆ. ಎಲ್ಲವೂ ಒಂದೇ ಥರ ಇರಲಿ ಎಂದು, ನಮ್ಮ ಬಟ್ಟೆ ಕತ್ತರಿಸಿ ಮುಗಿದ ಮೇಲೆ ನನ್ನ ಕಾಗದದ ಅಳತೆಗಳನ್ನು ಮಾಸ್ತರೇ ಅಂದು ಸಂಜೆ ಅವನಿಗೆ ಒಯ್ದು ಕೊಟ್ಟರು. ಅವುಗಳಲ್ಲಿ ತೋಳಿನ ಕಾಗದವನ್ನು ನಾನು ಕತ್ತರಿಸಿದ್ದು ಪುಟ್ಟಿಯ ಕಥೆಯ ನಡುವಿನ ಹಾಳೆಯಿಂದ.

ಮಂಗಳವಾರ ಅವಳು ಹಾಳೆ ಎತ್ತಿ ನೋಡಿದಳು. ನಡುವೆ ತೋಳಿನ ಆಕಾರದ ತೂತು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

“ಹೋಗ್ಲಿ ಬಿಡಕ್ಕ. ಯಾರು ಓದ್ತಿದ್ರು?” ಎಂದವಳೇ ಕಾಜಾ ಹಾಕಲು ಕೂತಳು.

ಬೈದಿದ್ದರೆ ನಾನೂ ಜಗಳಾಡಿ ಗೆಲ್ಲುತ್ತಿದ್ದೆ.

ಅವಳು ಗುಂಡಿ ತರಲು ಹೋದಾಗ ಉಳಿದದ್ದನ್ನು ಕದ್ದು ಓದಿದೆ. ಒಬ್ಬ ಹೆಂಗಸು ಕೆಲಸ ಮುಗಿಸಿ ಮನೆಗೆ ಹೊರಟವಳು, ತನ್ನ ಸ್ಟಾಪಿಗಿಂತ ಒಂದು ಸ್ಟಾಪ್ ಮೊದಲೇ ಬಸ್ಸಿಳಿದು, ಗುರುತಿಲ್ಲದ ಮನೆಯ ಬಾಗಿಲು ತಟ್ಟುತ್ತಾಳೆ. ಬಾಗಿಲು ತೆರೆಯುತ್ತದೆ. ಅಲ್ಲಿಂದ ಮುಂದೆ ತೂತು. ಕೊನೆಯ ಹಾಳೆಯಲ್ಲಿ ಅವಳು ದಾರಿಯುದ್ದಕ್ಕೂ ತನ್ನಷ್ಟಕ್ಕೆ ನಗುತ್ತಾ ಮನೆಗೆ ನಡೆದು ಬರುತ್ತಾಳೆ. ಅಯ್ಯೋ, ಬಾಗಿಲು ತೆರೆದವರು ಯಾರು? ಒಳಗೆ ಅಂಥದ್ದೇನು ನಡೆಯಿತು? ತಲೆಗೆ ಹುಳ ಬಿಟ್ಟಂತಾಯಿತು. ಆ ದಿನ ಬೇರೆ ಗಿರಾಕಿಯ ಎರಡು ಕಾಲರ್ ತಪ್ಪು ಕತ್ತರಿಸಿದೆ.

“ಬಾಗ್ಲು ತೆಗ್ದಿದ್ ಯಾರೇ?” ಎಂದು ಪುಟ್ಟಿಯನ್ನೇ ಕೇಳಿದೆ.

“ಓದಿದ್ಯಾ?” ಅವಳ ಮುಖ ಕೆಂಪಾಯಿತು. “ಮರ್ತೋಯ್ತು.”

ಸುಳ್ಳು. ಇಷ್ಟು ವರ್ಷ ಪಕ್ಕದಲ್ಲಿ ಕೂತವಳ ಸುಳ್ಳು ನನಗೆ ಗೊತ್ತಾಗುವುದಿಲ್ಲವೇ?

ಮೂಲೆ ಅಂಗಡಿಯವನಿಗೂ ನನಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ನಮ್ಮ ಗಿರಾಕಿಗಳನ್ನು ಎಳೆದುಕೊಂಡ ಮಹಾನುಭಾವ. ಅವನ ಮೆಟ್ಟಿಲು ತುಳಿಯುವುದಿಲ್ಲವೆಂದು ಬೀದಿಗೆಲ್ಲ ಕೇಳುವಂತೆ ಹೇಳಿದ್ದವಳು ನಾನು. ಗುರುವಾರ ಬೆಳಿಗ್ಗೆ ತುಳಿದೆ.

“ತೋಳಾ? ತಗೊಳ್ಳಿ, ನನ್ ಕೆಲ್ಸ ಆಯ್ತು” ಎಂದ. “ನಿಮ್ ತೋಳು ಯಾವಾಗ್ಲೂ ಉದ್ದ. ತುದೀಲಿ ಎರಡು ಬೆರಳಷ್ಟು ತೆಗ್ದಿದೀನಿ.”

ಅರ್ಧ ಬ್ಯಾಂಡಿಗೆ ಗಿಡ್ಡ ತೋಳು! ಕಾಗದವನ್ನು ಕೈಗೆ ತೆಗೆದುಕೊಂಡೆ. ಅವನು ಕನ್ನಡಕ ಮೇಲೇರಿಸಿ ಮೆಲ್ಲಗೆ, “ಅದ್ಸರಿ, ಆ ಹೆಂಗ್ಸು ಕೊನೇಗೆ ಮನೆಗೆ ಹೋದ್ಲಾ?” ಎಂದು ಕೇಳಿದ.

“ಹೋದ್ಲು. ನಗ್ತಾ ಹೋದ್ಲು” ಎಂದೆ.

ಬೀದಿಯಲ್ಲೇ ನಿಂತು ಓದಿದೆ. ಬಾಗಿಲು ತೆರೆದದ್ದು ಒಬ್ಬ ಅಕ್ಕ. ಆ ಹೆಂಗಸಿನ ಸ್ವಂತ ಅಕ್ಕನದೇ ಮುಖ, ಕತ್ತರಿ ಹಿಡಿದು ಜಡ್ಡುಗಟ್ಟಿದ ಅದೇ ಹೆಬ್ಬೆರಳು. ಆದರೆ ಈ ಅಕ್ಕ ಅವಳನ್ನು ಕೂರಿಸಿ, “ಇವತ್ತು ಏನು ಬರೆದೆ? ಓದು, ಕೇಳ್ತೀನಿ” ಅನ್ನುತ್ತಾಳೆ. ಹೆಂಗಸು ಚೀಲದಿಂದ ಕಾಗದ ತೆಗೆಯುತ್ತಾಳೆ. ಅಲ್ಲಿಗೆ ಕಾಗದ ಮುಗಿಯಿತು.

ನನ್ನ ಹೆಬ್ಬೆರಳು ನೋಡಿಕೊಂಡೆ. ನಾಚಿಕೆಯಾಯಿತು, ಅಳು ಬಂತು. ಮೂರಡಿ ದೂರದಲ್ಲಿದ್ದವಳನ್ನು ನಾನು ಒಂದು ಸಲವೂ ಕೇಳದ ಮಾತು. ಅದನ್ನು ಕೇಳಿಸಿಕೊಳ್ಳಲು ಅವಳು ಬಸ್ಸಿಳಿದು ಬೇರೆ ಮನೆ ಹುಡುಕಬೇಕಾಯಿತು.

ಅಂಗಡಿಗೆ ಬಂದು ತೋಳನ್ನು ಮೆಷಿನ್ನಿನ ಮೇಲಿಟ್ಟೆ. ಪುಟ್ಟಿ ಅದನ್ನು ನೋಡಿದಳು, ನನ್ನ ಕಣ್ಣು ನೋಡಿದಳು.

“ಸಿಟ್ಟಾ ಅಕ್ಕ?”

“ಇದ್ರಲ್ಲಿ ಎರಡು ಬೆರಳಷ್ಟು ಹೋಗಿದೆ. ಆ ಹೆಂಗ್ಸು ಏನು ಓದಿದ್ಲು ಅಂತ ಹೇಳೋವರ್ಗೂ ನಾನು ಕತ್ತರಿ ಮುಟ್ಟಲ್ಲ.”

“ಅಲ್ಲೇನೂ ಇರ್ಲಿಲ್ಲ ಕಣಕ್ಕ, ಖಾಲಿ ಬಿಟ್ಟಿದ್ದೆ” ಎಂದಳು. “ಅಕ್ಕ ಕೇಳಿದ್ರೆ ಏನು ಓದ್ಬೇಕು ಅಂತ ನಂಗೇ ಹೊಳೀಲಿಲ್ಲ. ಯಾವತ್ತೂ ಯಾರೂ ಕೇಳಿರ್ಲಿಲ್ವಲ್ಲ.”

“ಈಗ ಕೇಳ್ತಿದೀನಿ” ಎಂದು ಗಿರಾಕಿಗಳ ಸ್ಟೂಲ್ ಎಳೆದುಕೊಂಡು ಕೂತೆ.

ಪುಟ್ಟಿ ಹೊಸ ಹಾಳೆ ಹಾಸಿ ಪೆನ್ಸಿಲ್ ಚೂಪು ಮಾಡಿಕೊಂಡಳು. ಒಂದು ಸಾಲು ಬರೆದು, ನನಗೆ ಓದಿ ಹೇಳಿದಳು.

“ಆಮೇಲೆ?” ಎಂದೆ.