ಕಾವಿಗೆ ಕೂತ ಮೇಟ್ರನ್

ಟಕ್ — ಬೆನ್ನ ಹಿಂದೆ ಬಾಗಿಲು ತಾನಾಗಿ ಬಂದು ಕೂತು ಚಿಲಕ ಬಿದ್ದ ಸದ್ದು, ಎಷ್ಟು ಅಚ್ಚುಕಟ್ಟಾದ ಸದ್ದು, ಮಾಡಿದವರಿಗೆ ಭೇಷ್ ಅನ್ನಬೇಕು, ಅಯ್ಯೋ ಎಂಥ ಭೇಷ್, ಇಟ್ಟಿಗೆ, ಬಾಗಿಲಿಗೆ ಇಟ್ಟಿಗೆ ಅಡ್ಡ ಇಡಲಿಲ್ಲ ನಾನು, ನೀರಿನ ತಟ್ಟೆ ಬದಲಿಸೋಣ ಅಂತ ಹೊರಗೆ ನಿಂತೇ ಕೈ ಚಾಚಿದವಳಿಗೆ ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿಯಿಂದ ಚೀಂವ್ ಅಂತ ಕೇಳಿಸಿತು, ಅಥವಾ ಕೇಳಿಸಿದ ಹಾಗಾಯಿತು, ಅಷ್ಟಕ್ಕೇ ಹಿಂದೆ ಮುಂದೆ ನೋಡದೆ ಒಳಗೆ ನುಗ್ಗಿಬಿಟ್ಟೆ, ಈಗ ಕೋಳಿಗೂಡಿನೊಳಗೆ ನಾನು, ಹೊರಗೆ ಚಿಲಕ, ಚಿಲಕ ಒಳಗಿನಿಂದ ತೆರೆಯುವುದಿಲ್ಲ, ಯಾಕೆಂದರೆ ಅದನ್ನು ಮಾಡಿದ ಮಹಾಶಯರು, ಅಂದರೆ ನನ್ನ ಗಂಡ, ಊರವರ ಬೀಗಗಳನ್ನೆಲ್ಲ ರಿಪೇರಿ ಮಾಡಿ ಮಾಡಿ ತಲೆ ಹಣ್ಣಾದ ಮನುಷ್ಯ, ಒಳಗೂ ಒಂದು ಹಿಡಿ ಇಡ್ರೀ ಅಂತ ನಾನು ಹೇಳಿದಾಗ ನಕ್ಕುಬಿಟ್ಟರು, ಯಾಕೇ, ಕೋಳಿಗೆ ಕೈ ಇದೆಯಾ. ಇಲ್ಲ ಸ್ವಾಮಿ, ಕೋಳಿಗೆ ಕೈ ಇಲ್ಲ, ನಿಮ್ಮ ಹೆಂಡತಿಗೆ ಎರಡಿವೆ, ಅವನ್ನು ಎಲ್ಲಿಡಬೇಕು ಅಂತ ತಿಳಿಯದೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದಾಳೆ.

ಕೂಗಬಹುದು, ಕೂಗಿದರೆ ಜಗಲಿಯಲ್ಲಿರುವ ಅತ್ತೆಗೆ ಕೇಳಿಸುತ್ತದೋ ಇಲ್ಲವೋ, ಅವರ ಕಿವಿ ಅಷ್ಟಕ್ಕಷ್ಟೇ, ಮೇಟ್ರನ್‌ಗಂತೂ ಕೇಳಿಸುತ್ತದೆ — ಈ ಕೆಂಪು ಕೋಳಿಗೆ ಮೇಟ್ರನ್ ಅಂತ ಹೆಸರಿಟ್ಟವಳು ನಾನೇ, ನಾನು ನರ್ಸಾಗಿದ್ದ ಹೆರಿಗೆ ಆಸ್ಪತ್ರೆಯ ಮೇಟ್ರನ್ ಹೀಗೇ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನಮ್ಮನ್ನೆಲ್ಲ ಅಳೆಯುತ್ತಿದ್ದರು, ಸಿಸ್ಟರ್, ಇಲ್ಲೇನು ಕೆಲಸ ನಿಮಗೆ, ಇವಳೂ ಈಗ ಅದನ್ನೇ ಕೇಳುತ್ತಿದ್ದಾಳೆ, ಏನೂ ಇಲ್ಲ ಮೇಡಂ, ಸುಮ್ಮನೆ ಬಂದೆ, ಸಿಕ್ಕಿಹಾಕಿಕೊಂಡೆ. ಇಲ್ಲ, ಕೂಗುವ ಹಾಗಿಲ್ಲ. ಮೊದಲ ಸಲ ಇವಳು ಕಾವಿಗೆ ಕೂತಾಗ ನಮ್ಮವರು ಗೂಡಿನ ತಗಡಿಗೆ ಮೊಳೆ ಹೊಡೆದರು, ಧಡ್ ಧಡ್ ಧಡ್, ಗಾಳಿಗೆ ಹಾರಬಾರದಲ್ಲ, ಭದ್ರವಾಗಿರಬೇಕಲ್ಲ, ತಗಡು ಇವತ್ತಿಗೂ ಭದ್ರವಾಗಿದೆ, ಕೋಳಿ ಮಾತ್ರ ಊರು ಒಂದಾಗುವ ಹಾಗೆ ಕಿರುಚಿಕೊಂಡು ಎದ್ದು ಹೋದವಳು ಆ ಮೊಟ್ಟೆಗಳ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ಸಲ ಬೀದಿನಾಯಿ, ಬೇಲಿಯ ಬುಡದಲ್ಲಿ ಮಣ್ಣು ಕೆರೆದು ನುಸುಳಿ ಬಂದು ಮೊಟ್ಟೆಗಳನ್ನೆಲ್ಲ ಗುಳುಂ ಮಾಡಿತು, ಮೇಟ್ರನ್ ಬಾಲದ ಗರಿ ಕಳೆದುಕೊಂಡು ಸೂರಿನ ಮೇಲೆ ಕೂತಿದ್ದಳು, ಆಮೇಲೆ ಇವರು ಬೇಲಿಯ ಉದ್ದಕ್ಕೂ ಅಗೆದು ತಂತಿಬಲೆಯನ್ನು ನೆಲದೊಳಕ್ಕೆ ಹೂತರು, ಮೂಲೆಮೂಲೆಗೆ ಖಾಲಿ ಡಬ್ಬ ತೂಗುಹಾಕಿದರು, ಗೇಟಿಗೆ ಗಂಟೆ ಕಟ್ಟಿದರು, ಅತ್ತೆ ಜಗಲಿಯಿಂದಲೇ, ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರಂತೆ, ಇವರು ಗುದ್ದಲಿಗೆ ಒರಗಿ ನಿಂತು, ಅಮ್ಮಾ, ಕೋಟೆ ಇನ್ನೂ ಇದೆ, ಕೊಳ್ಳೆ ಹೋಗಿದ್ದು ಮೊಟ್ಟೆ ಅಷ್ಟೇ. ನಾನು ನಗಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ, ಇಷ್ಟು ವಯಸ್ಸಾದ ಮೇಲೆ ಕೋಳಿಮೊಟ್ಟೆಗೆ ಅಳುತ್ತಾರಾ ಅಂತ ನನಗೇ ನಾಚಿಕೆ, ನಲ್ಲಿಯ ಸದ್ದಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ, ಇವರಿಗೆ ಗೊತ್ತಾಗಿತ್ತು.

ಆಮೇಲೆ ನಿನ್ನೆಯ ಮಧ್ಯಾಹ್ನ. ನಾಯಿಗೆ ಅಂತ ಹಾಕಿದ ಈ ಸ್ಪ್ರಿಂಗ್ ಬಾಗಿಲು, ಕಡ್ಡಿ ಸಿಕ್ಕಿಸಿ ತೆರೆದಿಟ್ಟಿದ್ದದ್ದು, ಮೇಟ್ರನ್ ಎರಡು ಕಾಳು ತಿಂದು ಬರೋಣ ಅಂತ ಹೊರಗೆ ಬಂದಾಗ ಟಕ್, ಅವಳು ಹೊರಗೆ, ಮೊಟ್ಟೆ ಒಳಗೆ, ನಾವು ಮೂವರೂ ಉಂಡು ಕಾಲು ಚಾಚಿ ಮಲಗಿದ್ದೇವೆ, ಎದ್ದು ಬಂದು ನೋಡಿದರೆ ಬಲೆಗೆ ಎದೆ ಒತ್ತಿಕೊಂಡು ನಿಂತಿದ್ದಾಳೆ, ಗದ್ದಲವಿಲ್ಲ, ಕೂಗಿಲ್ಲ, ಕೂಗಿ ಕೂಗಿ ಸುಸ್ತಾಗಿತ್ತೇನೋ, ಒಳಗೆ ಮೊಟ್ಟೆಗಳು ಹೂಜಿಯ ಹೊಟ್ಟೆ ಮುಟ್ಟಿದಷ್ಟು ತಣ್ಣಗೆ. ಅವಳು ಮತ್ತೆ ಹೋಗಿ ಕೂತಳು, ಬೈದುಕೊಳ್ಳುತ್ತಲೇ ಕೂತಳು, ಆದರೆ ಒಳಗಿನ ಜೀವ ಅಷ್ಟು ಹೊತ್ತು ಕಾವಿಲ್ಲದೆ ಉಳಿದಿರುತ್ತದಾ ಅಂತ ಯಾರನ್ನು ಕೇಳುವುದು. ಇನ್ಮೇಲೆ ಯಾರೇ ಬಾಗಿಲು ತೆಗೆದರೂ ಇಟ್ಟಿಗೆ ಅಡ್ಡ ಇಡಬೇಕು ಅಂತ ಇವರು ಕಾನೂನು ಮಾಡಿದರು, ಆಮೇಲೆ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಅಂದರು, ಒಂದೇ ಒಂದು ಮರಿ ಆದರೂ ಸರಿ ಕಣೇ, ಅದೂ ಆಗಲಿಲ್ಲ ಅಂದ್ರೆ ಈ ಕೋಳಿ ಸಹವಾಸ ಸಾಕು, ಯಾರಿಗಾದ್ರೂ ಕೊಟ್ಟುಬಿಡೋಣ, ನೀನು ಇನ್ನೊಂದು ಸಲ ನಲ್ಲಿ ಬಿಟ್ಕೊಂಡು ಕೂರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ. ನಾನು ಹ್ಞೂಂ ಅಂದೆ. ಯಾಕಾದರೂ ಅಂದೆನೋ. ಮೇಟ್ರನ್‌ನ ಕೊಟ್ಟುಬಿಟ್ಟರೆ ಬೆಳಿಗ್ಗೆ ಎದ್ದು ನಾನೇನು ಮಾಡಲಿ, ಕೆಲಸದಿಂದ ನಿವೃತ್ತಿಯಾದ ಮೇಲೂ ಈ ಕೈಗಳು ಬೆಳಗಿನ ಡ್ಯೂಟಿಯ ಹೊತ್ತಿಗೇ ಎಚ್ಚರಾಗುತ್ತಿದ್ದವು, ಹಿಡಿಯಲು ಮಗುವಿಲ್ಲ, ಕತ್ತರಿಸಲು ಹೊಕ್ಕುಳಬಳ್ಳಿಯಿಲ್ಲ, ಪಾತ್ರೆಯನ್ನೇ ಎರಡೆರಡು ಸಲ ಉಜ್ಜುತ್ತಿದ್ದೆ, ಅತ್ತೆ ಒಂದು ದಿನ ಹೇಳಿದರು, ತಳ ತೂತಾಗುತ್ತೆ ಬಿಡು ಹುಡುಗಿ, ಎರಡು ಕೋಳಿನಾದ್ರೂ ಸಾಕು. ನನ್ನನ್ನು ಹುಡುಗಿ ಅನ್ನುವವರು ಅವರೊಬ್ಬರೇ ಉಳಿದಿರುವುದು.

ಬಲೆಯ ನೆರಳು ನನ್ನ ಸೀರೆಯ ಮೇಲೆಲ್ಲ ಚೌಕ ಚೌಕ, ಹೊಟ್ಟಿನ ವಾಸನೆ, ಬೆಚ್ಚಗೆ, ಬಲೆಯ ಕಣ್ಣಿನಲ್ಲಿ ನನ್ನ ಕಿರುಬೆರಳೂ ತೂರುವುದಿಲ್ಲ, ತೂರಿದ್ದರೆ ಚಿಲಕ ಎತ್ತಬಹುದಿತ್ತು, ಹಾವಿನ ಮರಿಯೂ ಬರಬಾರದು ಅಂತ ಹುಡುಕಿ ಹುಡುಕಿ ತಂದ ಬಲೆ, ನಮ್ಮವರ ಕೆಲಸವೇ ಹಾಗೆ. ಬಾಡಿಗೆ ಮನೆಗಳಲ್ಲಿ ಇದ್ದಾಗ ಗೋಡೆಗೆ ಒಂದು ಮೊಳೆ ಹೊಡೆಯುವಂತಿರಲಿಲ್ಲ, ಮಾಲೀಕರು ಮೇಲಿನ ಮಹಡಿಯಿಂದಲೇ, ಏನ್ರೀ ಅದು ಸದ್ದು, ಅನ್ನುತ್ತಿದ್ದರು, ಊರಿಗೆಲ್ಲ ಬೀಗ ಹಾಕಿಕೊಡುವವರ ಮನೆಯ ಬಾಗಿಲಿಗೆ ಮರದ ತುಂಡು ಒತ್ತಿ ಮಲಗುತ್ತಿದ್ದೆವು, ಅದಕ್ಕೇ ಊರಾಚೆ ಈ ತುಂಡು ಜಾಗ ಆದಾಗ ಇವರು ಮನೆಗೆ ಸೂರು ಹೊದಿಸುವ ಮೊದಲೇ ಗೇಟು ನಿಲ್ಲಿಸಿದರು, ಒಳಗೆ ಹುಲ್ಲು ಬಿಟ್ಟರೆ ಏನೂ ಇಲ್ಲ, ಗೇಟಿಗೆ ಮೂರು ಬೋಲ್ಟು, ನಾವಿಬ್ಬರೂ ಅದನ್ನು ಹಾಕಿ ತೆಗೆದು ಹಾಕಿ ತೆಗೆದು ಮಕ್ಕಳ ಹಾಗೆ ಆಡಿದ್ದು, ಹಾಕೇ, ಈಗ ತೆಗಿಯೇ, ನಮ್ಮದೇ ಕಣೇ ಇದು, ಎಷ್ಟು ಹೊಡೆದ್ರೂ ಯಾರೂ ಕೇಳಲ್ಲ. ಆವತ್ತಿನಿಂದ ಹೊಡೆಯುತ್ತಲೇ ಇದ್ದಾರೆ. ಇವತ್ತೊಂದು ದಿನ ಸುತ್ತಿಗೆ ಮುಟ್ಟಬಾರದು ಅಂತ ನಾನು ಹೇಳಿದ್ದಕ್ಕೆ ಮನೆಯಲ್ಲಿ ಕೂರಲಾರದೆ ಇನ್ನೊಂದು ಬೋಲ್ಟು ತರಲು ಪೇಟೆಗೆ ಹೋಗಿದ್ದಾರೆ.

ಚೀಂವ್ — ಕೇಳಿಸಿತು, ಈ ಸಲ ನಿಜವಾಗಿ, ಮೇಟ್ರನ್ ರೆಕ್ಕೆ ಸ್ವಲ್ಪ ಎತ್ತಿ ಗಂಟಲೊಳಗೇ ಗುರ್ ಗುರ್ ಅಂದಳು, ಎದೆಯ ಗರಿಗಳ ಅಂಚಿನಲ್ಲಿ ಒಂದು ಮೊಟ್ಟೆ ಅರ್ಧ ಹೊರಗೆ, ಅದರ ನೆತ್ತಿಯಲ್ಲಿ ಸೀಳು, ಸೀಳಿನ ನಡುವೆ ತೂತು, ತೂತಿನಲ್ಲಿ ಕೊಕ್ಕು, ಅಕ್ಕಿಕಾಳಿನಷ್ಟು ಕೊಕ್ಕು, ಬಂತು, ಹೋಯಿತು, ಬಂತು. ಅಮ್ಮಾ! ತಣ್ಣಗಾಗಿದ್ದದ್ದು, ಹೂಜಿಯಾಗಿದ್ದದ್ದು, ಇದರೊಳಗೆ ಇದ್ದೀಯಾ ನೀನು, ನನ್ನ ಎರಡೂ ಕೈ ತಾವಾಗಿ ಮುಂದೆ ಹೋದವು, ಎಷ್ಟು ತಲೆಗಳನ್ನು ಹೀಗೆ ಕಾದು ಹಿಡಿದ ಕೈಗಳು, ಉಸಿರು ಬಿಡು ತಾಯಿ, ಈಗ ಮುಕ್ಕು, ಬಂತು ಬಂತು, ಇಲ್ಲ, ಇಲ್ಲಿ ಹಾಗಲ್ಲ, ಚಿಪ್ಪನ್ನು ನಾವು ಬಿಡಿಸಿದರೆ ರಕ್ತ ಒಸರಿ ಮರಿ ಸಾಯುತ್ತದೆ, ತಾನೇ ಒಡೆದುಕೊಂಡು ಬರಬೇಕು, ಕೈಗಳನ್ನು ತೊಡೆಯಡಿ ಸೇರಿಸಿ ಅದರ ಮೇಲೆ ಕೂತೆ, ನಾನೂ ಕಾವಿಗೆ ಕೂತ ಹಾಗಾಯಿತು, ನಗು ಬರುತ್ತಿದೆ, ನಗುವ ಹಾಗಿಲ್ಲ, ಕೊಕ್ಕು ಬಂತು.

ಏನೇ ಹುಡುಗಿ, ಜೈಲಲ್ಲಿ ಕೂತ ಹಾಗೆ ಕೂತಿದ್ದೀಯ — ಅತ್ತೆ ಬಲೆಯಾಚೆ, ಕೋಲೂರಿಕೊಂಡು, ನಾನು ತುಟಿಗೆ ಬೆರಳಿಟ್ಟೆ, ಮೊಟ್ಟೆ ತೋರಿಸಿದೆ, ಬಾಗಿಲು ತೋರಿಸಿದೆ, ಇಟ್ಟಿಗೆ ತೋರಿಸಿದೆ, ಅವರು ಮೊಟ್ಟೆಯನ್ನಷ್ಟೇ ನೋಡಿದರು, ಹಲ್ಲಿಲ್ಲದ ಬಾಯಿ ಅಗಲ ಮಾಡಿ ಚಿಲಕ ಎತ್ತಿದರು, ಇಟ್ಟಿಗೆ ಅತ್ತೆ ಇಟ್ಟಿಗೆ ಅಂತ ಪಿಸುಗುಟ್ಟಿದೆ, ಪಿಸುಮಾತು ಆ ಕಿವಿಗೆ ಹೋಗುವುದು ಯಾವ ಕಾಲಕ್ಕೆ, ಕೋಲು ಒಳಗೆ, ಕಾಲು ಒಳಗೆ, ಟಕ್. ಏನದು ಸದ್ದು, ಏನಿಲ್ಲ ಅತ್ತೆ, ಕೂತ್ಕೊಳ್ಳಿ. ಬಕೆಟ್ ಅವರಿಗೆ ಬಿಟ್ಟುಕೊಟ್ಟು ಹೊಟ್ಟಿನ ಮೇಲೆ ಕೂತೆ. ನೋಡು, ಬಂದರೆ ಆ ಬಿದಿರುಬುಟ್ಟಿಗೆ ನನ್ನ ಹಳೇ ಶಾಲು ಹಾಸೋಣ, ಅಂದರು ಅವರಿಗೆ ಮೆಲ್ಲಗೆ ಅನ್ನಿಸುವ ದನಿಯಲ್ಲಿ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಬೇಡ ಅಂತ ನನ್ನ ಮದುವೆಯಾದ ಹೊಸದರಲ್ಲಿ ನನಗೆ ಬೈದವರು ಈ ಅತ್ತೆಯೇ. ಕೊಕ್ಕು ಬಂತು, ಹೋಯಿತು, ಸೀಳು ಅಡ್ಡಡ್ಡಕ್ಕೆ ಸ್ವಲ್ಪ ಹರಿದಿದೆ.

ಗೇಟಿನ ಗಂಟೆ, ಬಂದರು, ಮನೆಯೊಳಗೆ ಹೋದರು, ಅಮ್ಮಾ ಅಂದರು, ಏ ಎಲ್ಲಿದ್ದೀಯೇ ಅಂದರು, ಹಿತ್ತಲಿಗೆ ಬಂದರು, ಬಲೆಯೊಳಗೆ ಹೆಂಡತಿ, ತಾಯಿ, ಕೋಳಿ, ಮೂವರೂ ಒಟ್ಟಿಗೆ ತಿರುಗಿ ನೋಡಿದೆವು, ಅವರ ಮುಖ ಹೇಗಾಯಿತೆಂದರೆ, ಅದನ್ನು ಚೌಕಟ್ಟು ಹಾಕಿಸಿ ಇಡಬೇಕು. ಬೆರಳಿನಿಂದ ಮೊಟ್ಟೆ ತೋರಿಸಿದೆ. ಕಾನೂನು ಮಾಡಿದವರಲ್ಲವೇ, ಬಾಗಿಲು ತೆಗೆದು ಎಡಗಾಲನ್ನು ಅಡ್ಡ ಕೊಟ್ಟು, ಬಲಗಾಲು ಮಾತ್ರ ಒಳಗಿಟ್ಟು, ಬಗ್ಗಿದರು, ಇನ್ನೂ ಬಗ್ಗಿದರು, ಕೊಕ್ಕು ಬಂತು, ಅಯ್ಯಯ್ಯೋ ಇದೆ ಕಣೇ ಅಂತ ಎಡಗಾಲೂ ಒಳಗೆ ಬಂತು. ಟಕ್. ಬೋಲ್ಟು, ಸ್ಕ್ರೂಡ್ರೈವರು, ಸುತ್ತಿಗೆ, ಎಲ್ಲ ಇದ್ದ ಚೀಲ ಹೊರಗೆ ಇಟ್ಟಿಗೆಯ ಪಕ್ಕದಲ್ಲೇ ಕೂತಿದೆ. ಇವರು ಬಾಗಿಲು ನೋಡಿದರು, ನನ್ನನ್ನು ನೋಡಿದರು, ಕೋಳಿಗೆ ಕೈ ಇದೆಯಾ ಅಂತ ಕೇಳಿದೆ, ಮೆಲ್ಲಗೆ. ಒಂದು ಒದ್ದರೆ ತಿರುಪು ಕಿತ್ಕೊಂಡು ಬರುತ್ತೆ ಅಂದರು, ಕಾಲು ಎತ್ತಿದರು, ಎತ್ತಿದ ಕಾಲು ಹಾಗೇ ನಿಂತಿತು, ಮೇಟ್ರನ್ ಕತ್ತು ಓರೆ ಮಾಡಿ ನೋಡುತ್ತಿದ್ದಳು, ಆ ತಗಡು ನೆನಪಾಯಿತೋ ಏನೋ ಅವರಿಗೆ, ಕಾಲನ್ನು ಹೊಟ್ಟಿನ ಮೇಲೆ ಸದ್ದಾಗದ ಹಾಗೆ ಇಳಿಸಿದರು. ಬೇಡ, ಇರಲಿ, ನಾವೇ ಕೂರೋಣ. ಜೀವಮಾನದಲ್ಲಿ ಒಂದು ಗಳಿಗೆ ಸುಮ್ಮನೆ ಕೂರದ ಮನುಷ್ಯ ನನ್ನ ಪಕ್ಕದಲ್ಲಿ ಮಂಡಿ ತಬ್ಬಿಕೊಂಡು ಕೂತರು, ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಬೈಯುವುದಕ್ಕಿದ್ದ ಮಾತೆಲ್ಲ ಮರೆತೇ ಹೋಯಿತು.

ಹೋಯಿತು, ಕೊಕ್ಕು ಒಳಗೆ ಹೋಯಿತು, ಬರುತ್ತಿಲ್ಲ. ತೂತು ಇದೆ, ಕಪ್ಪಗೆ, ಖಾಲಿ. ಸುಸ್ತಾಯಿತಾ, ತಣ್ಣಗಿದ್ದ ಆ ಮಧ್ಯಾಹ್ನ ಈಗ ಕಾಡುತ್ತಿದೆಯಾ, ಮಲಗಬೇಡ ಪುಟ್ಟ, ಇಷ್ಟು ಬಂದು ಮಲಗುತ್ತಾರಾ, ನನ್ನ ಕೈ ಮತ್ತೆ ಎದ್ದಿತು, ಇವರು ಮಣಿಕಟ್ಟು ಹಿಡಿದರು, ಬೇಡ ಕಣೇ, ಇದು ಒಳಗಿಂದಲೇ ತೆಗೆಯೋ ಬೀಗ, ಕೀಲಿ ನಿನ್ನ ಹತ್ರನೂ ಇಲ್ಲ, ನನ್ನ ಹತ್ರನೂ ಇಲ್ಲ. ಏನಾಯ್ತೋ ಅಂತ ಅತ್ತೆ ಜೋರಾಗಿ ಕೇಳಿಬಿಟ್ಟರು, ಮೇಟ್ರನ್ ಎದ್ದಳು, ಅರ್ಧ ಎದ್ದಳು, ನಾವು ಮೂವರೂ ಉಸಿರು ಬಿಡಲಿಲ್ಲ, ಹೋಗಬೇಡ ಮೇಡಂ, ಕಾಲಿಗೆ ಬೀಳ್ತೀನಿ, ಅವಳು ಒಂದು ಕಣ್ಣಲ್ಲಿ ಅತ್ತೆಯನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿ ತೂತಿನ ಹತ್ತಿರ ಬಾಯಿಟ್ಟು ಗುರ್ ಗುರ್ ಅಂದಳು, ಒಳಗಿನಿಂದ ಚೀಂವ್, ಇವಳು ಗುರ್, ಅದು ಚೀಂವ್, ಚಿಪ್ಪಿನ ನೆತ್ತಿ ಒಂದು ಮುಚ್ಚಳದ ಹಾಗೆ ಮೇಲೆದ್ದಿತು, ಬಿತ್ತು, ಎದ್ದಿತು, ಒದ್ದೆ ಕತ್ತು, ಒದ್ದೆ ಬೆನ್ನು, ಹೊಟ್ಟಿನ ಮೇಲೆ ದೊಪ್ಪನೆ ಉರುಳಿ ಬಿದ್ದು ಕಾಲು ಒದರಿತು. ಒಂದು, ಅಂದರು ಇವರು, ಒಂದಾಯ್ತು ಕಣೇ, ಇನ್ನು ಕೊಡೋದಿಲ್ಲ ಯಾರಿಗೂ, ಅತ್ತೆ ಶಾಲು ಶಾಲು ಅನ್ನುತ್ತಿದ್ದಾರೆ, ನಲ್ಲಿ ಇಲ್ಲದೆಯೇ ನನ್ನ ಕಣ್ಣು ಸುರಿಯುತ್ತಿದೆ, ಸುರಿಯಲಿ, ಯಾರು ನೋಡಿದರೂ ನೋಡಲಿ, ಈ ಬಾಗಿಲು ಯಾವಾಗ ತೆರೆಯುತ್ತದೋ, ಹಾಲಿನವಳು ಸಂಜೆ ಬಂದು ನಮ್ಮನ್ನು ನೋಡಿ ಊರಿಗೆಲ್ಲ ಹೇಳುತ್ತಾಳೆ, ಹೇಳಲಿ, ಬೀಗದವರು ಬೀಗದೊಳಗೆ ಅಂತ ನಗಲಿ, ಮೇಟ್ರನ್ ಮರಿಯನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳಲು ಪಕ್ಕಕ್ಕೆ ಸರಿದಳು, ಸರಿದ ಜಾಗದಲ್ಲಿ, ರೀ, ಅಲ್ನೋಡಿ, ಆ ಹಿಂದಿನ ಮೊಟ್ಟೆ, ಅದರಲ್ಲಿ ಸೀಳು, ಸೀಳಿನ ನಡುವೆ ಕೊಕ್ಕು, ಅಕ್ಕಿಕಾಳಿನಷ್ಟು, ಬಂತು, ಹೋಯಿತು, ಕೊಕ್ಕು, ಬಂತು —